ದೆವ್ವದ ಮೋಟೆಲ್, ಕಾಣೆಯಾದ ಕುಟುಂಬ: ಕಥೆಯನ್ನು ಪರಿಶೀಲಿಸುವ ಕ್ರಮ

ಹೆದ್ದಾರಿ ಬದಿಯ ಮೋಟೆಲೊಂದರಲ್ಲಿ ತಂಗಿದ್ದ ಕುಟುಂಬ ರಾತ್ರೋರಾತ್ರಿ ಕಾಣೆಯಾಯಿತು, ಅಂದಿನಿಂದ ಅಲ್ಲಿ ದೆವ್ವದ ಕಾಟವಿದೆ ಎಂಬ ಕಥೆ ಕಿವಿಗೆ ಬಿದ್ದರೆ, ಮೊದಲು ಆ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಿ. ಕಾಣೆಯಾದ ದಿನಾಂಕವನ್ನು ಆ ಕಾಲದ ಪತ್ರಿಕೆಗಳಿಂದ ಖಚಿತಪಡಿಸಿಕೊಂಡು, ದೆವ್ವದ ಸುದ್ದಿ ಮೊತ್ತಮೊದಲು ಅಚ್ಚಾದದ್ದು ಯಾವಾಗ ಎಂದು ಹುಡುಕಿ. ನಡುವೆ ಹತ್ತಾರು ವರ್ಷಗಳ ಅಂತರವಿದ್ದರೆ, ದೆವ್ವದ ಭಾಗವನ್ನು ಯಾರೋ ಆಮೇಲೆ ಹೆಣೆದಿದ್ದಾರೆಂದು ಅನುಮಾನಿಸಬಹುದು.

ಮೋಟೆಲಿನ ಕೋಣೆಗಳ ಬಾಗಿಲು ಸಾಮಾನ್ಯವಾಗಿ ನೇರವಾಗಿ ಕಾರು ನಿಲ್ಲಿಸುವ ಜಾಗಕ್ಕೇ ತೆರೆದುಕೊಳ್ಳುವುದರಿಂದ, ಅವರು ಹೋದದ್ದನ್ನು ಯಾರೂ ನೋಡಲಿಲ್ಲ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕಾರು ಎಲ್ಲಿ? ಜನರ ಜೊತೆಗೆ ಕಾರೂ ಕಾಣೆಯಾಗಿದ್ದರೆ, ಆ ಕಾಲದ ರಸ್ತೆ ನಕ್ಷೆಯನ್ನು ಮುಂದಿಟ್ಟುಕೊಂಡು, ಅವರು ಹಿಡಿದಿರಬಹುದಾದ ದಾರಿಯ ತಿರುವುಗಳಲ್ಲಿ ನದಿ, ಕೆರೆ, ಕಾಲುವೆಗಳು ಎಲ್ಲೆಲ್ಲಿ ರಸ್ತೆಗೆ ತೀರ ಹತ್ತಿರ ಬರುತ್ತವೆಂದು ಗುರುತು ಹಾಕಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ 1958ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಅಲಂಕಾರಕ್ಕೆ ಹಸಿರು ತರಲು ಹೊರಟ ದಂಪತಿ ಮತ್ತು ಮೂವರು ಹೆಣ್ಣುಮಕ್ಕಳು ಮರಳಲಿಲ್ಲ. ಮರುವರ್ಷ ಇಬ್ಬರು ಮಕ್ಕಳ ದೇಹಗಳು ಕೊಲಂಬಿಯಾ ನದಿಯಲ್ಲಿ ದೊರೆತವು. ಕೊಲೆಯ ಊಹೆಗಳು ದಶಕಗಳ ಕಾಲ ಹರಿದಾಡಿದವು. ಕಾರು ಅದೇ ನದಿಯ ತಳದಲ್ಲಿ ಹೂತುಹೋಗಿದ್ದು, ಮುಳುಗುಗಾರರೊಬ್ಬರು ಅದನ್ನು ಪತ್ತೆಹಚ್ಚಿದ್ದು 2024ರಲ್ಲಿ.

ಇನ್ನು ದೆವ್ವದ ಅನುಭವಗಳು. ತಲೆನೋವು, ಎದೆಯ ಮೇಲೆ ಭಾರ, ಹೆಜ್ಜೆ ಸಪ್ಪಳ ಕೇಳಿದಂತಾಗುವುದು ಒಂದೇ ಕೋಣೆಯಲ್ಲಿ ಮರುಕಳಿಸಿದರೆ, ಮೊದಲು ಹೊರಬಂದು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಹೊರಬಂದ ಹೊಗೆಯಿಂದಲೇ ಒಂದು ಮನೆಯವರೆಲ್ಲ ಭೂತಬಾಧೆಯೆಂದು ನಂಬಿದ್ದನ್ನು ವಿಲಿಯಂ ವಿಲ್ಮರ್ ಎಂಬ ನೇತ್ರವೈದ್ಯರು 1921ರಲ್ಲೇ ವರದಿ ಮಾಡಿದ್ದಾರೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ದೆವ್ವಕ್ಕಿಂತ ಇದಕ್ಕೇ ಹೆಚ್ಚು ಹೆದರಬೇಕು.

ರಕ್ತದ ಕಲೆ ಪತ್ತೆಹಚ್ಚಲು ಬಳಸುವ ಲ್ಯುಮಿನಾಲ್ ಎಂಬ ರಾಸಾಯನಿಕವನ್ನು ಸಿಂಪಡಿಸಿ ಸ್ನಾನದ ಕೋಣೆಯ ನೆಲ ನೀಲಿಯಾಗಿ ಹೊಳೆಯುವುದನ್ನು ತೋರಿಸುವ ವಿಡಿಯೋಗಳನ್ನು ನಂಬಬೇಡಿ. ರಕ್ತಕ್ಕೆ ಹೊಳೆಯುವಂತೆ ಅದು ಬ್ಲೀಚ್‌ಗೂ ಹೊಳೆಯುತ್ತದೆ, ಮತ್ತು ಮೋಟೆಲಿನ ಬಚ್ಚಲನ್ನು ತೊಳೆಯುವುದು ಹೆಚ್ಚಾಗಿ ಬ್ಲೀಚ್‌ನಿಂದಲೇ. ಅಷ್ಟೇ ಅಲ್ಲ, ಹಾಗೆ ಸಿಂಪಡಿಸಿದರೆ ನಿಜವಾದ ಕುರುಹು ತೆಳುವಾಗಿ ಹರಿದು ಕೆಡಬಹುದು.

ಮಾಲೀಕರ ಅನುಮತಿಯಿಲ್ಲದೆ, ಪಾಳುಬಿದ್ದ ಕಟ್ಟಡವಾದರೂ, ಒಳಗೆ ಹೋಗಬಾರದು. ಸಾಮಾನು, ಮೂಳೆ, ವಾಹನದ ತುಂಡು ಏನೇ ಕಂಡರೂ ಮುಟ್ಟದೆ, ಇದ್ದ ಜಾಗದಲ್ಲೇ ಚಿತ್ರ ತೆಗೆದು, ಸ್ಥಳದ ಗುರುತು ಬರೆದುಕೊಂಡು ಪೊಲೀಸರಿಗೆ ತಿಳಿಸಿ. ಕಾಣೆಯಾದವರ ಬಂಧುಗಳಿಗೆ ಆ ಸುದ್ದಿ ಮುಟ್ಟುವವರೆಗೆ ಎಲ್ಲಿಯೂ ಪ್ರಕಟಿಸಬೇಡಿ.