ಗೊರೂರು ಹಿನ್ನೀರಲ್ಲಿ ನನ್ನ ದೋಣಿಯ ಸ್ಪೀಡ್ ಹೆಚ್ಚಿದ್ದು ಹೀಗೆ

ದೋಣಿ ಇನ್ನೂ ಜೋರಾಗಿ ಓಡಬೇಕು ಅಂದ್ರೆ ದಡದಲ್ಲಿ ನಿಂತವರೆಲ್ಲ ಹೇಳುವುದು ಒಂದೇ ಮಾತು: ದೊಡ್ಡ ಇಂಜಿನ್ ಹಾಕಿಸು. ನಾನು ಇಂಜಿನ್ ಬದಲಿಸಲಿಲ್ಲ. ಅದೇ 15 ಎಚ್‌ಪಿ ಟೂ ಸ್ಟ್ರೋಕ್, ದೋಣಿಯ ಹಿಂದಿನ ಹಲಗೆಗೆ ಕೂರಿಸುವ ಔಟ್‌ಬೋರ್ಡ್, ಅದೇ 14 ಅಡಿ ಫೈಬರ್ ದೋಣಿ. ಮೊದಲು ಗಂಟೆಗೆ 22 ಕಿ.ಮೀ. ಓಡುತ್ತಿತ್ತು, ಈಗ 27 ಓಡುತ್ತದೆ. ಹೇಮಾವತಿ ಹಿನ್ನೀರಲ್ಲಿ ಮೀನು ಹಿಡಿಯುವವರಿಗೆ ಈ 5 ಕಿ.ಮೀ.ನ ಬೆಲೆ ಗೊತ್ತು. ಬಲೆ ಎತ್ತಿ ದಡಕ್ಕೆ ಬರುವಷ್ಟರಲ್ಲಿ ಬಿಸಿಲೇರಿದರೆ ಕಾಟ್ಲಾದ ಕಿವಿರಿನ ಬಣ್ಣ ಕೆಡುತ್ತದೆ, ವ್ಯಾಪಾರಿ ರೇಟು ಇಳಿಸುತ್ತಾನೆ. ಆಷಾಢದ ಗಾಳಿ ಎದ್ದಾಗಂತೂ ಬೇಗ ದಡ ಸೇರುವುದು ಜೀವದ ವಿಷಯ.

ಏನನ್ನೂ ಮುಟ್ಟುವ ಮುಂಚೆ ಅಳತೆ ಮಾಡಿದೆ. ಸ್ಪೀಡಿಗೆ ಮೊಬೈಲಿನ ಜಿಪಿಎಸ್ ಸಾಕು. ಗಾಳಿಗೆ ಎದುರಾಗಿ ಒಂದು ಸಲ, ಗಾಳಿಯ ಜೊತೆಗೆ ಒಂದು ಸಲ ಓಡಿಸಿ ಸರಾಸರಿ ತೆಗೆಯಬೇಕು. ಅದಕ್ಕಿಂತ ಮುಖ್ಯ ಇಂಜಿನ್ನಿನ ಆರ್‌ಪಿಎಂ. ಅಂದ್ರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ಪ್ಲಗ್ ವೈರಿನ ಮೇಲೆ ತಂತಿ ಸುತ್ತಿ ಕೂರಿಸುವ ಪುಟ್ಟ ಮೀಟರ್ ಸಿಗುತ್ತದೆ, ಅದನ್ನು ಹಾಕಿದೆ. ಅದರ ಸೆಟ್ಟಿಂಗ್ ನಿಮ್ಮ ಇಂಜಿನ್ನಿಗೆ ಹೊಂದುವಂತೆ ಇರಬೇಕು, ಇಲ್ಲದಿದ್ದರೆ ಅಂಕಿ ಅರ್ಧವೋ ಎರಡರಷ್ಟೋ ಬರುತ್ತದೆ.

ನನ್ನ ಇಂಜಿನ್ನಿನ ಪುಸ್ತಕದಲ್ಲಿ ಪೂರ್ತಿ ಥ್ರಾಟಲಿಗೆ 4500ರಿಂದ 5500 ಆರ್‌ಪಿಎಂ ಬರಬೇಕು ಅಂತಿದೆ. ಅಕ್ಕನ ಮಗ ಹ್ಯಾಂಡಲ್ ಹಿಡಿದಿದ್ದ. "ಮಾವ, ಪೂರ್ತಿ ತಿರುಗಿಸಿದ್ದೀನಿ, ಇನ್ನು ತಿರುಗಲ್ಲ" ಅಂದ. ಮೀಟರಲ್ಲಿ 4300. ಅಂದ್ರೆ ಇಂಜಿನ್ ತನ್ನ ಶಕ್ತಿ ಇರುವ ಜಾಗಕ್ಕೆ ಹೋಗುತ್ತಲೇ ಇರಲಿಲ್ಲ.

ಕಾರಣ ನಮ್ಮ ಊರಿನ ಎತ್ತರದಲ್ಲೇ ಇದೆ. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಸಾವಿರ ಅಡಿಗೆ ಇಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಶೇ. 3ರಷ್ಟು ಇಳಿಯುತ್ತದೆ. ಹಾಗಾಗಿ 15 ಎಚ್‌ಪಿ ಇಲ್ಲಿ ಹದಿಮೂರೂವರೆಯ ಆಸುಪಾಸಿಗೆ ಬರುತ್ತದೆ. ನನ್ನ ಇಂಜಿನ್ ಕರಾವಳಿಯಿಂದ ತಂದ ಸೆಕೆಂಡ್ ಹ್ಯಾಂಡ್. ಅದರ ಪ್ರೊಪೆಲ್ಲರ್, ಅಂದ್ರೆ ನೀರು ತಳ್ಳುವ ಫ್ಯಾನಿನ ಪಿಚ್ 10 ಇಂಚು. ಪಿಚ್ ಅಂದ್ರೆ ಫ್ಯಾನ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ. ಮಲ್ಪೆಯಲ್ಲಿ ಸಲೀಸಾಗಿ ತಿರುಗುವ ಆ ಫ್ಯಾನ್ ಇಲ್ಲಿ ಭಾರ. ಶಿರಾಡಿ ಘಾಟಿಯನ್ನು ಟಾಪ್ ಗೇರಲ್ಲಿ ಹತ್ತಿಸಿದ ಹಾಗೆ.

ಆದರೂ ಪ್ರೊಪೆಲ್ಲರಿಗೆ ಮೊದಲು ಕೈ ಹಾಕಲಿಲ್ಲ. ದೋಣಿಯೇ ಭಾರ ಇದ್ದರೆ ಯಾವ ಫ್ಯಾನ್ ಹಾಕಿದರೂ ಲೆಕ್ಕ ತಪ್ಪುತ್ತದೆ. ದೋಣಿ ಕವುಚಿ ತಳದ ಪಾಚಿ ಉಜ್ಜಿದೆವು. ಉದ್ದನೆಯ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ತಳ ತಗ್ಗಾಗಿದೆಯಾ ನೋಡಿದೆವು. ಎರಡೇ ಕಲ್ಲಿನ ಮೇಲೆ ವರ್ಷಗಟ್ಟಲೆ ಇಟ್ಟ ಫೈಬರ್ ದೋಣಿಯ ತಳ ಬಗ್ಗಿಬಿಡುತ್ತದೆ. ಹಿಂಭಾಗದ ತಳ ಬಗ್ಗಿದ್ದರೆ ಓಡುವಾಗ ಮೂತಿ ನೀರಿಗೆ ಒತ್ತುತ್ತದೆ. ನಮ್ಮದು ನೆಟ್ಟಗಿತ್ತು. ನೆಲದ ಪ್ಲೈವುಡ್ ಎತ್ತಿದಾಗ ಕೆಳಗಿನ ಫೋಮ್ ನೀರು ಕುಡಿದು ಹಿಂಡಿದರೆ ಸೋರುವ ಹಾಗಿತ್ತು. ಒದ್ದೆ ಫೋಮ್ ತೆಗೆದು, ನೀರು ಹೀರದಂಥದ್ದನ್ನು ಅಷ್ಟೇ ತುಂಬಿಸಿದೆ. ಫೋಮ್ ಇಲ್ಲದೆ ಮಾತ್ರ ಬಿಡಬೇಡಿ, ನೀರು ತುಂಬಿದರೂ ದೋಣಿ ಮುಳುಗದಂತೆ ಕಾಯುವುದು ಅದೇ. 24 ಲೀಟರಿನ ಪೆಟ್ರೋಲ್ ಟ್ಯಾಂಕ್ ತುಂಬಿದಾಗ ಪೆಟ್ರೋಲೇ 18 ಕೆಜಿ ತೂಗುತ್ತದೆ. ಅದನ್ನು ಹಿಂದಿನಿಂದ ನಡುಭಾಗಕ್ಕೆ ತಂದೆ. ಮೂತಿ ಆಕಾಶ ನೋಡುವುದು ನಿಂತಿತು.

ಆಮೇಲೆ ಇಂಜಿನ್ನಿನ ಎತ್ತರ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದು, ಖರ್ಚು ಒಂದು ಮರದ ಪಟ್ಟಿಯದ್ದು ಮಾತ್ರ. ಪ್ರೊಪೆಲ್ಲರಿನ ಮೇಲೆ ಒಂದು ಅಗಲ ತಟ್ಟೆ ಇರುತ್ತದಲ್ವಾ, ಅದು ದೋಣಿಯ ತಳದ ಮಟ್ಟಕ್ಕೋ ಅದಕ್ಕಿಂತ ತುಸು ಮೇಲಕ್ಕೋ ಇರಬೇಕು. ನನ್ನದು ಒಂದೂವರೆ ಇಂಚು ಕೆಳಗಿತ್ತು. ಅಷ್ಟು ಲೋಹ ಸುಮ್ನೆ ನೀರು ಸೀಳಿಕೊಂಡು ಬರುತ್ತಿತ್ತು. ಹಿಂದಿನ ಹಲಗೆಯ ಮೇಲೆ ಗಟ್ಟಿ ಮರದ ಪಟ್ಟಿ ಕೂರಿಸಿ ಇಂಜಿನ್ ಎತ್ತಿದೆ, ಬೋಲ್ಟ್ ಹಾಕಿ ಬಿಗಿದೆ. ಒಂದೇ ಸಲ ಜಾಸ್ತಿ ಎತ್ತಬೇಡಿ. ತಿರುವಿನಲ್ಲಿ ಇಂಜಿನ್ ಇದ್ದಕ್ಕಿದ್ದಂತೆ ಕಿರುಚಿ ದೋಣಿ ನಿಧಾನವಾದರೆ ಫ್ಯಾನ್ ಗಾಳಿ ಎಳೆಯುತ್ತಿದೆ ಅಂತ ಅರ್ಥ, ಅರ್ಧ ಇಂಚು ಇಳಿಸಿ. ಹಿಂದಿನ ತೂತಿನಿಂದ ಬರುವ ನೀರಿನ ಧಾರೆಯನ್ನೂ ಗಮನಿಸಿ. ಅದು ಸಣ್ಣಗಾದರೆ ಇಂಜಿನ್ನಿಗೆ ತಂಪಿನ ನೀರು ಸಾಲುತ್ತಿಲ್ಲ, ಪಿಸ್ಟನ್ ಹಿಡಿದುಕೊಂಡೀತು.

ಇಷ್ಟಾದ ಮೇಲೆ ಮೀಟರ್ 4700 ತೋರಿಸಿತು. ಪುಸ್ತಕದ ಲೆಕ್ಕಕ್ಕೆ ಇದೂ ಸಾಕು, ಆದರೆ ಒಬ್ಬರೇ ಖಾಲಿ ದೋಣಿಯಲ್ಲಿ ಓಡಿಸಿದಾಗ ಮಾತ್ರ. ಇಬ್ಬರು, ಒದ್ದೆ ಬಲೆ, ಐಸ್ ಪೆಟ್ಟಿಗೆ ಸೇರಿದರೆ ಮತ್ತೆ ಕುಸಿಯುತ್ತಿತ್ತು. ಆಗ 9 ಇಂಚು ಪಿಚ್ಚಿನ ಪ್ರೊಪೆಲ್ಲರ್ ತರಿಸಿದೆ. ಪಿಚ್ ಒಂದು ಇಂಚು ಇಳಿದರೆ ಆರ್‌ಪಿಎಂ ಸುಮಾರು 200 ಏರುತ್ತದೆ. ನನ್ನದು ಇನ್ನೂ ಸ್ವಲ್ಪ ಹೆಚ್ಚೇ ಏರಿ 5000 ಮುಟ್ಟಿತು. ಪಿಚ್ ಕಡಿಮೆ ಮಾಡಿದರೆ ಸ್ಪೀಡ್ ಇಳಿಯಬೇಕಲ್ಲ ಅಂತ ಬಹಳ ಜನ ಕೇಳುತ್ತಾರೆ. ಇಂಜಿನ್ ಆಗಲೇ ಸರಿಯಾಗಿ ತಿರುಗುತ್ತಿದ್ದರೆ ಇಳಿಯುತ್ತದೆ, ನಿಜ. ಉಸಿರುಗಟ್ಟಿದ ಇಂಜಿನ್ನಿನಲ್ಲಿ ಹಾಗಲ್ಲ. ಅದಕ್ಕೇ ಮೀಟರ್ ಇಲ್ಲದೆ ಪ್ರೊಪೆಲ್ಲರಿಗೆ ದುಡ್ಡು ಹಾಕಬೇಡಿ ಅನ್ನುವುದು.

ಹಳೇ ಪ್ರೊಪೆಲ್ಲರನ್ನು ಎಸೆದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಕಾಣದೆ ನಿಂತಿರುತ್ತವೆ. ಪ್ರೊಪೆಲ್ಲರಿನ ಎಲೆ ಮುಕ್ಕಾದರೆ ಅಲ್ಲೇ ಬದಲಿಸಿಕೊಳ್ಳಲು ಅದು, ಒಂದು ಸ್ಪ್ಯಾನರ್, ಎರಡು ಸ್ಪ್ಲಿಟ್ ಪಿನ್ ದೋಣಿಯಲ್ಲೇ ಇರುತ್ತವೆ. ಆ ಜಾಗಗಳಲ್ಲಿ ನಾನು 27ರಲ್ಲಿ ಓಡಿಸುವುದಿಲ್ಲ. ಇಂಜಿನ್ ಆಫ್ ಮಾಡುವ ಸುರುಳಿ ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡೇ ಹೊರಡುತ್ತೇನೆ.