ತುಕ್ಕುಹುಳದ ಮೀಸೆ

"ಅಣ್ಣಾ, ನನ್ನ ಬಾರ್ಬೇರಿಯನ್ ಕಬ್ಬಿಣ ತಿನ್ನಬೇಕು."

ಚಿಕ್ಕಪ್ಪನ ಮಗ ಹೀಗಂದಾಗ ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ನಮ್ಮದು ಬೆಂಗಳೂರಿನಲ್ಲಿ ಭಾನುವಾರದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್) ಆಟ. ಒಬ್ಬೊಬ್ಬರೂ ಒಂದು ಪಾತ್ರ ಹಿಡಿದು, ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಇವನ ಪಾತ್ರ ಬಾರ್ಬೇರಿಯನ್, ರೊಚ್ಚಿಗೆದ್ದು ಕಾದಾಡುವ ಯೋಧ. ಐದು ಜನ, ಒಂದು ಊಟದ ಟೇಬಲ್, 2014ರ ನಿಯಮಗಳು. ಡಿಎಂ, ಅಂದರೆ ಕಥೆ ಹೇಳಿ ಶತ್ರುಗಳನ್ನು ಆಡಿಸುವವನು, ನಾನು. ಹಿಂದಿನ ವಾರ ಅವರ ಮೇಲೆ ಒಂದು ರಸ್ಟ್ ಮಾನ್‌ಸ್ಟರ್ ಬಿಟ್ಟಿದ್ದೆ, ಮೀಸೆ ತಾಗಿಸಿ ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ ಹುಳ. ಅದರ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯುತ್ತದೆ ಅನ್ನುವ ಲೆಕ್ಕ) ಬರೀ 27. ಡ್ರಾಗನ್ ಬಂದಾಗಲೂ ಹಿಂದೆ ಸರಿಯದ ಜನ ಅವತ್ತು ಕತ್ತಿ, ಗುರಾಣಿ ಬಚ್ಚಿಟ್ಟುಕೊಂಡು ಓಡಿದ್ದರು. ಇವನಿಗೆ ಅದು ತಲೆಗೆ ಹತ್ತಿತ್ತು. ಆ ಪ್ರಾಣಿಯ ಶಕ್ತಿ ತನಗೆ ಬೇಕು, ಅದಕ್ಕೊಂದು ಸಬ್‌ಕ್ಲಾಸ್ (ಪಾತ್ರದ ಒಳಬಗೆ, ಅದರದೇ ವಿಶೇಷ ಶಕ್ತಿಗಳ ಜೊತೆ) ಮಾಡಿಕೊಡು ಅಂತ ಹಠ.

ಈ ಪ್ರಾಣಿಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಆಟ ಶುರುವಾಗಿದ್ದು 1974ರಲ್ಲಿ. ಮರುವರ್ಷವೇ ಈ ಹುಳ ಬಂತು. ಆಟ ಕಟ್ಟಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಕೈಗೆ ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಒಂದು ಪೊಟ್ಟಣ ಸಿಕ್ಕಿತ್ತು. ಯಾವ ಪ್ರಾಣಿ ಅಂತ ಮಾಡಿದವರಿಗೇ ಗೊತ್ತಿರಲಿಕ್ಕಿಲ್ಲ. ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದವಲ್ಲ, ಅರ್ಧ ಡೈನೋಸಾರು ಅರ್ಧ ಹಲ್ಲಿ, ಅಂಥವು. ರಸ್ಟ್ ಮಾನ್‌ಸ್ಟರ್, ಔಲ್‌ಬೇರ್ (ಗೂಬೆ ಮುಖದ ಕರಡಿ), ಬುಲೆಟ್ (ಗುಂಡಲ್ಲ, ಅದೂ ಒಂದು ಪ್ರಾಣಿ) ಮೂರೂ ಅದೇ ಪೊಟ್ಟಣದ ಮಕ್ಕಳು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಪ್ರಾಣಿಯ ನಿಯಮವನ್ನು ಹಾಗೇ ಎತ್ತಿ ಆಟಗಾರನ ಕೈಗೆ ಕೊಟ್ಟೆ. ಹುಳ ಮೀಸೆ ತಾಗಿಸಿದರೆ ಕಬ್ಬಿಣದ ಕವಚದ ಎಸಿ (ಹೊಡೆತ ತಾಗಲು ಮುಟ್ಟಬೇಕಾದ ಅಂಕಿ) ಒಂದು ಇಳಿಯುತ್ತದೆ. ಮತ್ತೆ ತಾಗಿಸಿದರೆ ಇನ್ನೊಂದು. ಇಳಿದದ್ದು ಮೇಲೆ ಬರಲ್ಲ, ಹತ್ತಕ್ಕೆ ಬಂದರೆ ಕವಚವೇ ಪುಡಿ. ತಮ್ಮನ ಬಾರ್ಬೇರಿಯನ್‌ಗೂ ಅಂಥದೇ ಮೀಸೆ, ಅದೇ ನಿಯಮ ಅಂದೆ, ಒಂದೊಂದು ಪೆಟ್ಟಿಗೂ ಒಂದು.

ಐದನೇ ಲೆವೆಲ್‌ನಲ್ಲಿ ಪರೀಕ್ಷೆ ಮಾಡಿದೆವು. ಎದುರಿಗೆ ಒಬ್ಬ ನೈಟ್. ಪ್ಲೇಟ್ ಕವಚ, ಎಸಿ 18, ಹಿಟ್ ಪಾಯಿಂಟ್ 52. ಬಾರ್ಬೇರಿಯನ್‌ಗೆ ಒಂದು ಸರದಿಗೆ ಎರಡು ಪೆಟ್ಟು. ರೆಕ್‌ಲೆಸ್ ಆಗಿ ನುಗ್ಗಿದರೆ ಎರಡೆರಡು ಡೈಸ್ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಮೂರು ಸುತ್ತು ಮುಗಿಯುವಷ್ಟರಲ್ಲಿ ನೈಟ್‌ನ ಎಸಿ 13. ಹೊಡೆತ ತಾಗಲು ಇಪ್ಪತ್ತು ಮುಖದ ಡೈಸ್‌ನಲ್ಲಿ 11 ಬೀಳಬೇಕಾಗಿದ್ದ ಕಡೆ ಈಗ 6 ಸಾಕು. ಅವನೊಬ್ಬನಿಗಲ್ಲ, ಟೇಬಲ್‌ನಲ್ಲಿರೋ ಎಲ್ಲರಿಗೂ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪ್ಲೇಟ್ ಕವಚದ ಬೆಲೆ 1,500 ಚಿನ್ನದ ನಾಣ್ಯ. ಅರ್ಧ ಬೆಲೆಗೆ ಮಾರಿದ್ದರೂ 750 ಬರುತ್ತಿತ್ತು. ತುಕ್ಕು ತಿಂದು, ಯಾರೂ ಕೊಳ್ಳದ ಕಬ್ಬಿಣವಾಗಿ ನೆಲದ ಮೇಲೆ ಬಿದ್ದಿತ್ತು. ನಮ್ಮ ರೋಗ್ (ಕಳ್ಳನ ಪಾತ್ರ) ಆಡುವವನು ತಮ್ಮನನ್ನು ನೋಡಿದ ನೋಟ ನೀವು ನೋಡಬೇಕಿತ್ತು.

ಮುಂದಿನ ವಾರ ಕಾಡು. ತೋಳ, ಹಂದಿ, ಕೊನೆಗೊಂದು ಔಲ್‌ಬೇರ್. ಯಾರ ಮೈಮೇಲೂ ಒಂದು ಮೊಳೆ ಇಲ್ಲ. ಎರಡು ಗಂಟೆ ಹೊತ್ತು ತಮ್ಮನ ಮೀಸೆ ಸುಮ್ನೆ ಮೀಸೆ.

ಅಂದರೆ ಕಬ್ಬಿಣ ಇದ್ದರೆ ಅತಿ, ಇಲ್ಲದಿದ್ದರೆ ಸೊನ್ನೆ. ಎರಡನ್ನೂ ಬೇರೆ ಬೇರೆ ಸರಿಮಾಡಬೇಕಾಯಿತು.

ಅತಿಯಾದದ್ದನ್ನು ಇಳಿಸುವುದು ಸುಲಭ. ಒಂದು ಸರದಿಗೆ ಒಂದೇ ಸಲ, ಎಸಿ ಇಳಿಯುವುದು ಹೆಚ್ಚೆಂದರೆ ಎರಡರವರೆಗೆ, ರೇಜ್ (ಬಾರ್ಬೇರಿಯನ್‌ನ ರೊಚ್ಚು) ಮುಗಿದರೆ ಅದೂ ಮುಗಿಯಿತು. ಆದರೆ ತುಕ್ಕು ಹಿಡಿದದ್ದು ತಾನಾಗೇ ಹೇಗೆ ಸರಿಹೋಗುತ್ತದೆ? ಇಲ್ಲಿ ನನ್ನ ಊರು ನೆರವಿಗೆ ಬಂತು. ನಾನು ಉಡುಪಿ ಕಡೆಯವನು. ಉಪ್ಪುಗಾಳಿಗೆ ಕಿಟಕಿಯ ಸರಳು ವರ್ಷಕ್ಕೊಮ್ಮೆ ಬಣ್ಣ ಕೇಳುತ್ತದೆ. ಮಳೆಗಾಲದಲ್ಲಿ ಕತ್ತಿಗೆ ಎಣ್ಣೆ ಸವರದೆ ಇಟ್ಟರೆ ನಾಲ್ಕೇ ದಿನಕ್ಕೆ ಮೇಲೊಂದು ಕಿತ್ತಳೆ ಪದರ. ಬೆರಳಿನಿಂದ ಒರೆಸಿದರೆ ಕೈಗೆ ಪುಡಿ ಹತ್ತುತ್ತದೆ, ಕತ್ತಿ ಕತ್ತಿಯಾಗಿಯೇ ಇರುತ್ತದೆ. ಒಳಗೆ ತಿಂದು ಪದರ ಪದರವಾಗಿ ಏಳುವ ತುಕ್ಕು ಬೇರೆ. ಹಾಗಾಗಿ ಮೂರನೇ ಲೆವೆಲ್‌ನಲ್ಲಿ ಬರೀ ಮೇಲು ತುಕ್ಕು. ಕೀಲುಗಳು ಬಿಗಿಯುತ್ತವೆ, ಬಕಲ್ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮರಳು ಹಾಕಿ ಉಜ್ಜಿದರೆ ಹೋಗುತ್ತದೆ. ಕವಚ ಮಾರಲೂಬಹುದು. ರೋಗ್ ಖುಷಿ. ಒಳಗೆ ತಿನ್ನುವ ತುಕ್ಕನ್ನು 14ನೇ ಲೆವೆಲ್‌ಗೆ ಎತ್ತಿಟ್ಟೆ. ಒಂದು ಲಾಂಗ್ ರೆಸ್ಟ್‌ಗೆ (ರಾತ್ರಿಯ ಪೂರ್ತಿ ವಿಶ್ರಾಂತಿಗೆ) ಒಂದೇ ಸಲ, ಸೆರೆಮನೆಯ ಬಾಗಿಲೋ ಸೇತುವೆಯ ಸರಪಳಿಯೋ, ಮಾಂತ್ರಿಕವಲ್ಲದ ಒಂದು ಕಬ್ಬಿಣದ ವಸ್ತು ಪೂರ್ತಿ ಪುಡಿ.

ಕನ್ನಡದಲ್ಲಿ ಬರೆದದ್ದಕ್ಕೆ ಒಂದು ಜಗಳ ತಪ್ಪಿತು. ಈ ಹುಳ ತಿನ್ನುವುದು ಕಬ್ಬಿಣ, ಉಕ್ಕಿನಂಥ ಲೋಹ ಮಾತ್ರ. ಬೇರೆ ಟೇಬಲ್‌ನಲ್ಲಿ ಆಡಿದಾಗ ತಾಮ್ರಕ್ಕೆ ಆಗುತ್ತಾ, ಹಿತ್ತಾಳೆಗೆ ಆಗುತ್ತಾ ಅಂತ ಅರ್ಧ ಗಂಟೆ ವಾದ ನಡೆದಿತ್ತು. ನಾನು ಒಂದೇ ಸಾಲು ಬರೆದೆ: ತುಕ್ಕು ಹಿಡಿಯುವುದಕ್ಕೆ ಆಗುತ್ತದೆ, ಕಿಲುಬು ಹಿಡಿಯುವುದಕ್ಕೆ ಆಗುವುದಿಲ್ಲ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಅಡುಗೆಮನೆಯ ಚೊಂಬು ನೋಡಿದವರಿಗೆಲ್ಲ ಗೊತ್ತಿರುವ ವಿಷಯ.

ಸೊನ್ನೆಯನ್ನು ಸರಿಮಾಡಲು ಹೆಚ್ಚು ದಿನ ಹಿಡಿಯಿತು. ತೋಳದ ಎದುರಿಗೂ ಈ ಸಬ್‌ಕ್ಲಾಸ್ ಏನಾದರೂ ಮಾಡಬೇಕು. ಮೊದಲು ಬೋನಸ್ ಆಕ್ಷನ್‌ನಲ್ಲಿ (ಸರದಿಗೆ ಒಂದೇ ಸಿಗುವ ಚಿಕ್ಕ ಕೆಲಸ) ಕಬ್ಬಿಣ ತಿಂದು ಟೆಂಪರರಿ, ಅಂದರೆ ಸ್ವಲ್ಪ ಹೊತ್ತಿನ, ಹಿಟ್ ಪಾಯಿಂಟ್ ಪಡೆಯಲಿ ಅಂದೆ. ಆದರೆ ರೇಜ್ ಶುರುಮಾಡಲೂ ಬೋನಸ್ ಆಕ್ಷನ್ನೇ ಬೇಕು. ಮೊದಲ ಸುತ್ತಿನಲ್ಲಿ ಎರಡೂ ಆಗಲ್ಲ. ಆಮೇಲೆ ಹೊಳೆಯಿತು, ಎರಡನ್ನೂ ಸೇರಿಸಿಬಿಟ್ಟರಾಯಿತು. ರೇಜ್ ಶುರುವಾಗುವಾಗಲೇ ಒಂದು ಮುಷ್ಟಿ ಕಬ್ಬಿಣ ಬಾಯಿಗೆ ಹಾಕಿಕೋ, ಲೆವೆಲ್ ಜೊತೆಗೆ ಕಾನ್‌ಸ್ಟಿಟ್ಯೂಷನ್ (ಮೈಗಟ್ಟಿನ) ಬೋನಸ್ ಕೂಡಿಸಿದಷ್ಟು ಟೆಂಪರರಿ ಹಿಟ್ ಪಾಯಿಂಟ್. ಐದನೇ ಲೆವೆಲ್‌ಗೆ ಅವನಿಗೆ 8. ಕಡಿಮೆ ಅನಿಸಬಹುದು. ಆದರೆ ರೇಜ್‌ನಲ್ಲಿ ಕತ್ತಿ, ಬಾಣ, ದೊಣ್ಣೆ, ಹಲ್ಲು ಎಲ್ಲದರ ಪೆಟ್ಟೂ ಅರ್ಧ. ಹಾಗಾಗಿ 8 ಅಂದರೆ ಲೆಕ್ಕದಲ್ಲಿ 16. ಆ ಲೆವೆಲ್‌ನಲ್ಲಿ ದಿನಕ್ಕೆ ಮೂರೇ ರೇಜ್. ಬೇರೆ ಎಣಿಕೆಯೂ ಬೇಕಾಗಲಿಲ್ಲ. ಇಡೀ ಸಬ್‌ಕ್ಲಾಸ್‌ನಲ್ಲಿ ನನಗೆ ಹೆಮ್ಮೆ ಇರೋದು ಇದೊಂದರ ಬಗ್ಗೆ.

ಮೀಸೆಯ ಪೆಟ್ಟಿಗೆ ಒಂದು ಡಿ8 (ಎಂಟು ಮುಖದ ಡೈಸ್) ಕೊಟ್ಟೆ. ಗ್ರೇಟ್‌ಆ್ಯಕ್ಸ್ ಡಿ12, ಸರಾಸರಿ ಎರಡು ಪಾಯಿಂಟ್ ನಷ್ಟ. ತುಕ್ಕಿಗೆ ಆ ಬೆಲೆ ಸರಿ. ಆರನೇ ಲೆವೆಲ್‌ಗೆ ಮೀಸೆಯ ಪೆಟ್ಟು ಮಾಂತ್ರಿಕ ಅಂತ ಲೆಕ್ಕ, ಜೊತೆಗೆ 30 ಅಡಿ ಒಳಗಿನ ಕಬ್ಬಿಣದ ವಾಸನೆ. ಹತ್ತನೇ ಲೆವೆಲ್‌ನದು ರಿಯಾಕ್ಷನ್, ಬೇರೆಯವರ ಸರದಿಯಲ್ಲಿ ಕೊಡುವ ಉತ್ತರ. ಕಬ್ಬಿಣದ ಆಯುಧದಿಂದ ಹೊಡೆದವನ ಮುಂದಿನ ಏಟಿಗೆ ಡಿಸ್‌ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ಚಿಕ್ಕದನ್ನು ಇಟ್ಟುಕೊಳ್ಳಬೇಕು). ಅಸಲಿ ಹುಳಕ್ಕೆ ಹೊಡೆದ ಆಯುಧದ ಡ್ಯಾಮೇಜ್ ಒಂದೊಂದೇ ಇಳಿದು, ಐದಕ್ಕೆ ಆಯುಧವೇ ಹೋಗುತ್ತದೆ. ಆರು ಗಾಬ್ಲಿನ್‌ಗಳ ಆರು ಕತ್ತಿಗೆ ಅದನ್ನೆಲ್ಲ ಯಾರು ಬರೆದಿಡ್ತಾರೆ?

ಲೆಕ್ಕವೆಲ್ಲ ಕೂಡಿಬಂತು. ಆದರೂ ಆಡುವಾಗ ಏನೋ ಸಪ್ಪೆ. ಓಡಿಹೋದ ಆ ದಿನದ ಗಾಬರಿ ಬರಲೇ ಇಲ್ಲ. ಅದಕ್ಕೆ ಒಂದು 'ಹಸಿವು' ಸೇರಿಸಿದೆ. ಶಾರ್ಟ್ ರೆಸ್ಟ್‌ನಲ್ಲಿ (ಚಿಕ್ಕ ವಿಶ್ರಾಂತಿಯಲ್ಲಿ) ಪಕ್ಕದವರ ಹತ್ತಿರ ಕಬ್ಬಿಣ ಇದ್ದರೆ ವಿಸ್ಡಮ್ ಸೇವ್ ಹಾಕಬೇಕು, ಅಂದರೆ ಮನಸ್ಸು ತಡೆಯುತ್ತದಾ ಅಂತ ಡೈಸ್ ಉರುಳಿಸಬೇಕು, ತಪ್ಪಿದರೆ ಅದನ್ನು ತಿಂದುಬಿಡುತ್ತಾನೆ. ಮೊದಲ ದಿನವೇ ತಮ್ಮನಿಗೆ 3 ಬಿತ್ತು. ತಿಂದಿದ್ದು ಪ್ಯಾಲಡಿನ್ (ದೈವಭಕ್ತ ಯೋಧೆ) ಆಡುವ ನಮ್ಮ ಅಕ್ಕನ ಕತ್ತಿ.

ಅಕ್ಕ ಡೈಸ್ ಕೆಳಗಿಟ್ಟರು. ಜೋರಾಗಿ ಏನೂ ಹೇಳಲಿಲ್ಲ. "ಅದಕ್ಕೆ ಹೆಸರಿಟ್ಟಿದ್ದೆ ಕಣೋ" ಅಂದರು ಅಷ್ಟೇ. ಟೇಬಲ್ ತಣ್ಣಗಾಯಿತು. ಆ ಸುತ್ತನ್ನು ಅಲ್ಲೇ ಅಳಿಸಿ, ಕತ್ತಿ ವಾಪಸ್ ಕೊಟ್ಟು, ಚಹಾ ಮಾಡಲು ಎದ್ದೆ.

ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗ ಅರ್ಥವಾಯಿತು. ಈ ಹುಳದ ಭಯ ಇರೋದು ಮೈನಸ್ ಒಂದರಲ್ಲಿ ಅಲ್ಲ. ನಾಲ್ಕು ತಿಂಗಳು ಹೊತ್ತು ತಿರುಗಿದ ಕತ್ತಿ ಹೋಗುತ್ತದಲ್ಲ, ಅದರಲ್ಲಿ. ನನ್ನ ನೈಟ್ ಹುಟ್ಟಿದ್ದೇ ಅವತ್ತು ಮಧ್ಯಾಹ್ನ. ಅವನ ಕವಚ ಪುಡಿಯಾದರೆ ನನಗೇನು? ನಾನು ಪೆನ್ಸಿಲ್‌ನಲ್ಲಿ ಒಂದು ಅಂಕಿ ಅಳಿಸುತ್ತೇನೆ. ಶತ್ರುಗಳಿಗೆ ತಮ್ಮ ಕಬ್ಬಿಣದ ಮೇಲೆ ಆಸೆ ಇಲ್ಲದಿದ್ದರೆ ಮೀಸೆಗೆ ಬೆಲೆ ಇಲ್ಲ.

ಹಸಿವಿನ ನಿಯಮ ಕಿತ್ತುಹಾಕಿದೆ. ಅದರ ಬದಲು ಒಂದು ಸಾಲು: ನಿನ್ನ ತುಕ್ಕನ್ನು ಕಣ್ಣಾರೆ ಕಂಡವರು ಕಬ್ಬಿಣ ಹಿಡಿದಿದ್ದರೆ, ಅವರನ್ನು ಹೆದರಿಸುವಾಗ ನಿನಗೆ ಅಡ್ವಾಂಟೇಜ್. ನನಗಾಗಿ ಇನ್ನೊಂದು ಸಾಲು: ಪ್ರತಿ ಕಾಳಗದಲ್ಲೂ ಒಬ್ಬ ಶತ್ರುವಿಗಾದರೂ ಬಿಡಲಾರದ ಒಂದು ಆಯುಧ ಇರಬೇಕು.

ಮುಂದಿನ ಭಾನುವಾರ ಕೋಟೆಯ ಬಾಗಿಲು. ಇಬ್ಬರು ಕಾವಲುಗಾರರು. ಒಬ್ಬನ ಈಟಿ ಮುಟ್ಟಿದ ಕೂಡಲೇ ಕೆಂಪಾಯಿತು. ಇನ್ನೊಬ್ಬ ವಯಸ್ಸಾದವನು, ಸೊಂಟದಲ್ಲಿ ಅಪ್ಪನ ಕಾಲದ ಕತ್ತಿ. ತಮ್ಮ ಡೈಸ್ ಮುಟ್ಟಲೇ ಇಲ್ಲ.

"ಹೊಡೆಯಲ್ಲ ಅಣ್ಣಾ. ಸುಮ್ನೆ ಮೀಸೆ ಅವನ ಕತ್ತಿ ಹತ್ತಿರ ತಗೊಂಡು ಹೋಗ್ತೀನಿ. ಮೂಸ್ತೀನಿ."

ಮುದುಕ ಕತ್ತಿಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಇನ್ನೊಂದು ಕೈಯಿಂದ ಬಾಗಿಲ ಅಗಳಿ ತೆಗೆದ.

ಈಗ ಅವರೆಲ್ಲ ಏಳನೇ ಲೆವೆಲ್. 14ರದ್ದು ಇನ್ನೂ ಹಾಳೆಯ ಮೇಲೇ ಇದೆ. ಪೂರ್ತಿ ಆಡಿ ನೋಡಿದ ಮೇಲೆ ಬೇರೆಯವರಿಗೂ ಹಂಚುವ ಯೋಚನೆ ಇದೆ. ರಸ್ಟ್ ಮಾನ್‌ಸ್ಟರ್ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ (ಯಾರು ಬೇಕಾದರೂ ಬಳಸಬಹುದಾದ ಪರವಾನಗಿಗೆ) ಬಂದ ನಿಯಮಗಳಲ್ಲೇ ಇರೋದರಿಂದ ಹಕ್ಕಿನ ತಲೆಬಿಸಿ ಇಲ್ಲ. ಅದರಲ್ಲಿಲ್ಲದ ಬಿಹೋಲ್ಡರ್‌ನಂಥ ಪ್ರಾಣಿ ಆಗಿದ್ದರೆ ಕಷ್ಟ ಇತ್ತು. ತಮ್ಮ ಹಾರ್ಡ್‌ವೇರ್ ಅಂಗಡಿಯಿಂದ ಕಾಲು ಕಿಲೋ ಮೊಳೆ ತಂದು ಒಂದು ಡಬ್ಬಿಗೆ ಹಾಕಿದ್ದಾನೆ. ಪ್ರತಿ ರೇಜ್‌ಗೂ ಒಂದು ಮುಷ್ಟಿ ತೆಗೆದು ಟೇಬಲ್ ಮೇಲೆ ಸುರಿಯುತ್ತಾನೆ. ಅಕ್ಕನ ಮಿನಿಯೇಚರ್ ಮಾತ್ರ ಇವತ್ತಿಗೂ ಅವನ ಗೊಂಬೆಯಿಂದ ಮೂರು ಚೌಕ ದೂರದಲ್ಲೇ ನಿಲ್ಲುತ್ತದೆ.