ನಿಮ್ಮ ಟೀಮಿನವರ ಕೈಗೆ ಪುಸ್ತಕ ಕೊಡುವುದು ಹೇಗೆ?

ಹೊಸ ವರ್ಷ ಬಂತೆಂದರೆ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಎಷ್ಟೋ ಆಫೀಸುಗಳಲ್ಲಿ ಒಂದು ಮೇಲ್ ಬರುತ್ತದೆ. 'ಈ ವರ್ಷ ಎಲ್ಲರೂ ಓದಲೇಬೇಕಾದ 12 ಪುಸ್ತಕಗಳು.' ಕಳಿಸಿದವರು ಮ್ಯಾನೇಜರ್. ಹತ್ತು ನಿಮಿಷದೊಳಗೆ 'ಥ್ಯಾಂಕ್ಯೂ ಸರ್', 'ಸೂಪರ್ ಲಿಸ್ಟ್ ಸರ್' ಅಂತ ಉತ್ತರಗಳು ಬರುತ್ತವೆ. ಅಲ್ಲಿಗೆ ಮುಗಿಯಿತು. ಡಿಸೆಂಬರ್ ಬಂದರೂ ಯಾರೂ ಒಂದು ಪುಟ ತಿರುವಿರುವುದಿಲ್ಲ.

ಕಾರ್ಖಾನೆ ಕೆಲಸದಲ್ಲಿ ನಾನು 26 ವರ್ಷ ಕಳೆದಿದ್ದೇನೆ. ಅದರಲ್ಲಿ 15 ವರ್ಷ ಜನರನ್ನು ನೋಡಿಕೊಳ್ಳುವ ಜವಾಬ್ದಾರಿ. ಇಂಥ ಪಟ್ಟಿಗಳನ್ನು ನಾನೂ ಕಳಿಸಿದ್ದೇನೆ. ಒಳ್ಳೆಯ ಮನಸ್ಸಿನ ಮ್ಯಾನೇಜರ್‌ಗಳು ಒಳ್ಳೆಯ ಪುಸ್ತಕ ಕೊಡಲು ಹೋಗಿ ಕೆಡಿಸಿಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ. ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಕೊಡುವ ರೀತಿ ತಪ್ಪಿದರೆ ಅದು ಬೀರುವಿನಲ್ಲೇ ಉಳಿಯುತ್ತದೆ. ಹಾಗಾಗಿ ಈ ಲೇಖನ.

ಮೊದಲು ನೀವು ಓದಿ

ಪೂರ್ತಿ ಓದಿ. ಅರ್ಧ ಓದಿದ ಪುಸ್ತಕವನ್ನು ಯಾರಿಗೂ ಹೇಳಬೇಡಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಲು ಗಂಟೆಯಲ್ಲಿ ಪುಸ್ತಕದ ಸಾರ ಹೇಳುವ ಆ್ಯಪ್‌ಗಳು ಬಂದಿವೆ. ದಯವಿಟ್ಟು ಅವಕ್ಕೆ ದುಡ್ಡು ಕಟ್ಟಬೇಡಿ. ಅವುಗಳಲ್ಲಿ ತೀರ್ಮಾನ ಮಾತ್ರ ಸಿಗುತ್ತದೆ. ಬರೆದವರು ಅಲ್ಲಿಗೆ ಹೇಗೆ ಬಂದರು, ಎಲ್ಲಿ ತಡವರಿಸಿದರು ಅನ್ನುವುದು ಸಿಗುವುದಿಲ್ಲ. ಓದಿದವರು ನಾಳೆ ಬಂದು 'ಸರ್, ಅವನು ಯಾಕೆ ಹಂಗ್ ಮಾಡಿದ?' ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಆ ಒಂದು ಗಳಿಗೆಯಲ್ಲಿ ನಂಬಿಕೆ ಹೋಗುತ್ತದೆ.

ಪಟ್ಟಿ ಬಿಡಿ, ಒಬ್ಬರನ್ನು ನೋಡಿ

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು ಎರಡನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಮೂರನೆಯದು. 40 ಜನಕ್ಕೆ ಒಂದೇ ಮೇಲ್ ಕಳಿಸಿದರೆ ಎರಡೂ ಆಗುವುದಿಲ್ಲ. ಒಂದು ಸಲಕ್ಕೆ ಒಬ್ಬರು, ಒಬ್ಬರಿಗೆ ಒಂದು ಪುಸ್ತಕ. ತಿಂಗಳಿಗೆ ಇಬ್ಬರಾದರೆ ಸಾಕು.

ಅವರು ಏನು ಓದುತ್ತಾರೆ ಅಂತ ತಿಳಿಯಬೇಕು. 'ಈಚೆಗೆ ಏನು ಓದಿದ್ರಿ?' ಅಂತ ಕೇಳಬೇಡಿ. ವೈವಾದಲ್ಲಿ ಕೂತಂತೆ ಆಗುತ್ತದೆ, ಸುಳ್ಳು ಹೇಳುತ್ತಾರೆ. ಟೀ ಕುಡಿಯುವಾಗ 'ರೈಲಲ್ಲಿ ಸೀಟು ಸಿಗುತ್ತಾ? ಟೈಂ ಹೆಂಗೆ ಕಳೀತೀರಿ?' ಅಂತ ಕೇಳಿ. ಎಲ್ಲ ಗೊತ್ತಾಗುತ್ತದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಕೂತು ಬರುವವರಿಗೆ ಅರ್ಧ ಮುಕ್ಕಾಲು ಗಂಟೆ ಆರಾಮಾಗಿ ಓದಲು ಸಿಗುತ್ತದೆ. ನಂಜನಗೂಡು ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವವರಿಗೆ ಆ ಕುಲುಕಾಟದಲ್ಲಿ ಸಣ್ಣ ಅಕ್ಷರ ಓದಲಾಗದು. ನೈಟ್ ಶಿಫ್ಟಿನವರಿಗೆ ಕಣ್ಣುರಿ. ಅಕ್ಷರದ ಗಾತ್ರ ನೋಡದೆ ಪುಸ್ತಕ ಆರಿಸಬೇಡಿ.

ಪುಸ್ತಕ ಯಾವುದು?

ನನ್ನ ಲೆಕ್ಕ ಇಷ್ಟು. ಮೊದಲ ಪುಸ್ತಕ ಕನ್ನಡದ್ದೇ ಇರಲಿ. 150 ಪುಟ ದಾಟದಿರಲಿ. ಉಪದೇಶದ ಪುಸ್ತಕ ಅಂತೂ ಬೇಡವೇ ಬೇಡ. 'ಏಳು ಗುಟ್ಟು', 'ಹತ್ತು ಸೂತ್ರ' ಅಂತ ಮುಖಪುಟದ ಮೇಲೇ ಹಾಕಿಕೊಂಡ ಪುಸ್ತಕಗಳನ್ನು ಮ್ಯಾನೇಜರ್ ಕೊಟ್ಟರೆ ಅದು ಮೆಮೊ ಥರವೇ ಕಾಣುತ್ತದೆ. ಬಿ.ಇ. ಓದಿದವರಿಗೆ ಇಂಗ್ಲಿಷ್ ಓದಲು ಬರುತ್ತದೆ, ನಿಜ. ಆದರೆ ಕೆಲಸಕ್ಕೆ ಓದುವುದು ಬೇರೆ, ಖುಷಿಗೆ ಓದುವುದು ಬೇರೆ.

ನಾನು ಹೆಚ್ಚು ಸಲ ಕೊಟ್ಟಿರುವುದು ತೇಜಸ್ವಿಯವರ 'ಕರ್ವಾಲೊ', 1980ರದ್ದು. ಊರವರೆಲ್ಲ ಕೆಲಸಕ್ಕೆ ಬಾರದವನು ಅಂತ ತಳ್ಳಿಹಾಕಿದ ಮಂದಣ್ಣನಲ್ಲಿ ಒಬ್ಬ ದೊಡ್ಡ ವಿಜ್ಞಾನಿ ಹುಟ್ಟು ಪರಿಸರ ಶೋಧಕನನ್ನು ಕಾಣುತ್ತಾನೆ. ಓಡುವ ಕಥೆ, ನಗು ಬರಿಸುತ್ತದೆ. ಓದಿ ಅಭ್ಯಾಸ ಇಲ್ಲದವರೂ ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಕೆಲಸಕ್ಕೆ ಸಂಬಂಧಿಸಿದ್ದೇ ಬೇಕು ಅಂತ ಅವರಾಗಿಯೇ ಕೇಳಿದರೆ ಎಲಿಯಾಹು ಗೋಲ್ಡ್‌ರಾಟ್ ಬರೆದ 'ದಿ ಗೋಲ್' ಇದೆ. 1984ರ ಪುಸ್ತಕ. ಕಾರ್ಖಾನೆಯ ಬಗ್ಗೆ ಬರೆದ ಕಾದಂಬರಿ ಅದು. ದಪ್ಪ ಇದೆ, ಇಂಗ್ಲಿಷಿನಲ್ಲಿದೆ. ಅದಕ್ಕೆ ನಾನು ಪುಸ್ತಕ ಕೊಡುವ ಮೊದಲು ಅದರೊಳಗಿನ ಒಂದು ಪ್ರಸಂಗವನ್ನು ಕನ್ನಡದಲ್ಲಿ ಹೇಳುತ್ತೇನೆ. ಸ್ಕೌಟ್ ಹುಡುಗರು ಸಾಲಾಗಿ ಕಾಡು ದಾರಿಯಲ್ಲಿ ನಡೆಯುತ್ತಿರುತ್ತಾರೆ. ಹರ್ಬಿ ಅಂತ ಒಬ್ಬ ಹುಡುಗ ನಿಧಾನ. ಅವನ ಮುಂದಿನವರು ಎಷ್ಟೇ ಬೇಗ ಹೋದರೂ ಇಡೀ ಗುಂಪು ಗುರಿ ಸೇರುವುದು ಹರ್ಬಿ ಸೇರಿದಾಗಲೇ. ಅವನನ್ನು ಸಾಲಿನ ಮುಂದಕ್ಕೆ ತರುತ್ತಾರೆ. ಅವನ ಬ್ಯಾಗ್ ಬಿಚ್ಚಿದರೆ ಒಳಗೆ ಕಬ್ಬಿಣದ ಬಾಣಲೆ! ಭಾರವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಗುಂಪು ಬೇಗ ನಡೆಯುತ್ತದೆ. ಇದನ್ನು ಕೇಳಿದ ಲೈನ್ ಸೂಪರ್‌ವೈಸರ್ ಒಬ್ಬರು ತಕ್ಷಣ, 'ನಮ್ಮಲ್ಲಿ ಹರ್ಬಿ ಅಂದ್ರೆ ಮೂರನೇ ಪ್ರೆಸ್ ಮೆಷಿನ್ ಸಾರ್' ಅಂದರು. ಆಮೇಲೆ ಪುಸ್ತಕವನ್ನು ಅವರೇ ಕೇಳಿ ತಗೊಂಡರು.

ಕೊಡುವ ಗಳಿಗೆ

ಎಲ್ಲರೂ ಎಡವುವುದು ಇಲ್ಲಿ. ಇದನ್ನು ನಿಧಾನಕ್ಕೆ ಹೇಳುತ್ತೇನೆ.

ಪಾಂಡವಪುರದ ಒಬ್ಬ ಹುಡುಗ ನಮ್ಮ ಕ್ವಾಲಿಟಿ ವಿಭಾಗದಲ್ಲಿದ್ದ. ಬುದ್ಧಿವಂತ. ಒಂದು ವಾರ ದಿನಾ ತಡವಾಗಿ ಬಂದ. ನಾನು ಬೈಯಲಿಲ್ಲ. ಬೈಯುವುದಕ್ಕಿಂತ ಪುಸ್ತಕ ಕೊಡುವುದು ದೊಡ್ಡತನ ಅಂದುಕೊಂಡೆ. ಸಮಯ ಪಾಲನೆಯ ಬಗ್ಗೆ ಒಂದು ಪುಸ್ತಕ ತರಿಸಿ, ನನ್ನ ಕ್ಯಾಬಿನ್‌ಗೆ ಕರೆದು ಕೈಗಿಟ್ಟೆ. ಅವನು ಎರಡೂ ಕೈಯಲ್ಲಿ ತಗೊಂಡು ನಿಂತೇ ಇದ್ದ. ಮುಖ ಇಳಿದುಹೋಗಿತ್ತು. 'ಸಾರ್, ನನ್ನಿಂದ ಏನಾರ ತಪ್ಪಾಯ್ತಾ?' ಅಂದ. 'ಏ ಇಲ್ಲಪ್ಪ, ಸುಮ್ನೆ ಓದು' ಅಂದೆ.

ಮೂರು ವಾರದ ಮೇಲೆ ಪುಸ್ತಕ ನನ್ನ ಟೇಬಲ್ ಮೇಲಿತ್ತು. ಅದಕ್ಕೆ ಶಾಲೆ ಪುಸ್ತಕಕ್ಕೆ ಹಾಕುವ ಕಂದು ಬಣ್ಣದ ಬೈಂಡ್ ಹಾಕಿದ್ದ. ಮೂಲೆಗಳನ್ನು ಎಷ್ಟು ಚೆನ್ನಾಗಿ ಮಡಿಸಿದ್ದನೆಂದರೆ ಒಂದು ಸುಕ್ಕಿರಲಿಲ್ಲ. ಅಂಗಡಿಯ ಬಿಲ್ಲು ಮೊದಲ ಪುಟದಲ್ಲೇ ಇತ್ತು, ನಾನು ಇಟ್ಟ ಹಾಗೇ. ಒಂದು ಹಾಳೆಯೂ ತಿರುವಿರಲಿಲ್ಲ. ಸಾಹೇಬರ ಸಾಮಾನು ಕೊಳೆಯಾಗಬಾರದು ಅಂತ ಮಾತ್ರ ಜೋಪಾನ ಮಾಡಿದ್ದ. ಅವನ ತಾಯಿ ಆ ವಾರ ಆಸ್ಪತ್ರೆಯಲ್ಲಿದ್ದರು ಅಂತ ಆಮೇಲೆ ಅವನ ಗೆಳೆಯನಿಂದ ತಿಳಿಯಿತು. ಇವನು ಕೆಲಸ ಹೋಗುತ್ತದೆ ಅಂತ ಹೆದರಿಕೊಂಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಇದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಮೇಲಿನವರು ಕೊಟ್ಟದ್ದನ್ನು ಕೆಳಗಿನವರು ಸುಮ್ನೆ ತಗೊಳ್ಳುವುದಿಲ್ಲ. ಇದರ ಹಿಂದೆ ಏನಿದೆ ಅಂತ ಮೊದಲು ಹುಡುಕುತ್ತಾರೆ. ಆದ್ದರಿಂದ:

ಅಪ್ರೈಸಲ್ ತಿಂಗಳಲ್ಲಿ ಯಾರಿಗೂ ಪುಸ್ತಕ ಕೊಡಬೇಡಿ. ಬೈದ ವಾರ, ತಪ್ಪಾದ ವಾರ, ರಜೆ ಕೊಡದ ವಾರ ಕೊಡಬೇಡಿ. ಕ್ಯಾಬಿನ್‌ಗೆ ಕರೆಸಬೇಡಿ. ನಾಲ್ಕು ಜನರ ಎದುರಿಗೂ ಬೇಡ, ಉಳಿದವರು 'ಸಾಹೇಬರ ಹುಡುಗ' ಅಂತ ಆಡಿಕೊಳ್ಳುತ್ತಾರೆ. ಕ್ಯಾಂಟೀನಿಂದ ಶಾಪ್ ಫ್ಲೋರ್‌ಗೆ ನಡೆದು ಬರುವ ದಾರಿ, ಬಸ್ಸಿಗೆ ಕಾಯುವ ಐದು ನಿಮಿಷ, ಅಂಥ ಜಾಗ ಒಳ್ಳೆಯದು. ಗಿಫ್ಟ್ ಪೇಪರ್ ಸುತ್ತಬೇಡಿ. ಒಳಗೆ ನಿಮ್ಮ ಹುದ್ದೆ ಬರೆದು ಸಹಿ ಹಾಕಬೇಡಿ.

ಅವರ ಕೊರತೆ ನೋಡಿ ಪುಸ್ತಕ ಆರಿಸಬೇಡಿ. ಸಿಟ್ಟಿನವರಿಗೆ ಸಿಟ್ಟಿನ ಪುಸ್ತಕ, ಮಾತಾಡದವರಿಗೆ ಮಾತಿನ ಕಲೆ, ಇದು ಅವಮಾನ. ಅವರು ಚೆನ್ನಾಗಿ ಮಾಡಿದ ಒಂದು ಕೆಲಸ ನೆನಪಿಸಿಕೊಳ್ಳಿ. ಅದಕ್ಕೆ ಹೊಂದುವ ಪುಸ್ತಕ ಹುಡುಕಿ.

ಮಾತು ಮೂರೇ ಇರಲಿ. ಯಾಕೆ ನಿಮಗೆ ಅವರು ನೆನಪಾದರು ಅನ್ನುವುದು ಒಂದು. ಓದಲೇಬೇಕು ಅಂತಿಲ್ಲ ಅನ್ನುವುದು ಎರಡು. ಯಾವಾಗ ಬೇಕಾದರೂ ವಾಪಸ್ ಕೊಡಿ ಅನ್ನುವುದು ಮೂರು.

ಅದೇ ಹುಡುಗನಿಗೆ ಎರಡು ವರ್ಷದ ಮೇಲೆ ಮತ್ತೆ ಪುಸ್ತಕ ಕೊಟ್ಟೆ. ಒಂದು ಗೇಜ್ ತಪ್ಪು ಅಳತೆ ತೋರಿಸುತ್ತಿದ್ದುದನ್ನು ಅವನು ಹಿಡಿದಿದ್ದ. ಮೂರು ಶಿಫ್ಟಿನಲ್ಲಿ ಬೇರೆ ಯಾರಿಗೂ ಕಂಡಿರಲಿಲ್ಲ. ಸಂಜೆ ಗೇಟಿನ ಹತ್ತಿರ ಸಿಕ್ಕಿದ. 'ಮೊನ್ನೆ ಆ ಗೇಜ್ ನೀವು ಹಿಡಿದಾಗ ಈ ಪುಸ್ತಕದ ಮಂದಣ್ಣ ಜ್ಞಾಪಕಕ್ಕೆ ಬಂದ. ಯಾರಿಗೂ ಕಾಣದ್ದು ಅವನಿಗೂ ಕಾಣುತ್ತೆ. ಹಿಡಿಸದಿದ್ದರೆ ಬಿಟ್ಟುಬಿಡಿ, ನಿಧಾನಕ್ಕೆ ವಾಪಸ್ ಕೊಡಿ' ಅಂದೆ. ಈ ಸಲ ಒಂದೇ ಕೈಯಲ್ಲಿ ತಗೊಂಡ. ಅಲ್ಲೇ ನಿಂತು ಹಿಂದಿನ ರಕ್ಷಾಪುಟ ಓದಲು ಶುರು ಮಾಡಿದ.

ಇನ್ನೊಂದು ಗಮನಿಸಿ. ಪುಸ್ತಕ ಕೊಡುವಾಗ 'ನೀವು' ಅನ್ನಿ. ದಿನಾ ಏಕವಚನದಲ್ಲಿ ಕರೆಯುವವರಾದರೂ ಆ ಹೊತ್ತು ಬಹುವಚನ ಇರಲಿ. ವಯಸ್ಸಾದ ಆಪರೇಟರ್‌ಗಳಿಗೆ ಕೊಡುವಾಗ 'ಗೌಡ್ರೇ, ಇದು ನನಗೆ ಪೂರ್ತಿ ಅರ್ಥ ಆಗಿಲ್ಲ, ನೀವು ಹೊಲ ಮಾಡಿದವರು, ನೋಡಿ ಹೇಳಿ' ಅಂದರೆ ಖುಷಿಯಿಂದ ತಗೊಳ್ಳುತ್ತಾರೆ. ಆದರೆ ಆ ಮಾತು ನಿಜವಾಗಿರಬೇಕು.

ನಿಮ್ಮದೇ ಪ್ರತಿ ಕೊಡುವುದಾದರೆ ಗೆರೆಗಳನ್ನು ಅಳಿಸಿ ಕೊಡಿ. ನೀವು ಗೆರೆ ಎಳೆದ ಕಡೆಯೆಲ್ಲ 'ಇದು ನನಗೇ ಹೇಳಿದ್ದಾ?' ಅಂತ ಅವರು ನಿಲ್ಲುತ್ತಾರೆ.

ಕೊಟ್ಟ ಮೇಲೆ ಕೇಳಬೇಡಿ

ಒಂದು ಕಂಪನಿಯಲ್ಲಿ ಶುಕ್ರವಾರ ಸಂಜೆ ನಾಲ್ಕಕ್ಕೆ ಪುಸ್ತಕದ ಮೇಲೆ ಪ್ರೆಸೆಂಟೇಷನ್ ಇಟ್ಟಿದ್ದರು. ಹಾಜರಾತಿ ಕಡ್ಡಾಯ, ಅಪ್ರೈಸಲ್‌ನಲ್ಲಿ ಅಂಕ ಬೇರೆ. ನಾನೂ ಕೂತಿದ್ದೆ. ಮೂವರು ಮಾತಾಡಿದರು, ಮೂವರ ಸ್ಲೈಡಿನಲ್ಲೂ ಒಂದೇ ವಾಕ್ಯಗಳು. ಗೂಗಲ್‌ನಿಂದ ಎತ್ತಿದ್ದು ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲು ಖುಷಿಗೆ ಓದುತ್ತಿದ್ದವರೂ ಅಲ್ಲಿ ಓದು ನಿಲ್ಲಿಸಿದರು.

ಎರಡು ತಿಂಗಳು ಸುಮ್ಮನಿರಿ. ಓದಿದವರು ತಾವೇ ಬಂದು ಹೇಳುತ್ತಾರೆ. ಹೇಳದಿದ್ದರೆ ಆ ಪುಸ್ತಕ ಅವರಿಗಲ್ಲ, ಅಷ್ಟೇ.

ಪುಸ್ತಕ ಕೈಗೆಟುಕುವಂತೆ ಇಡಿ

ಹಾಜರಿಯ ಪಂಚಿಂಗ್ ಮೆಷಿನ್ ಹತ್ತಿರ ಒಂದು ಕಪಾಟು, ಬೀಗ ಬೇಡ. ಒಂದು ನೋಟ್ ಬುಕ್ಕು, ದಾರ ಕಟ್ಟಿದ ಪೆನ್ನು. ಹೆಸರು, ಪುಸ್ತಕ, ತಾರೀಖು. ಕೆಲವು ವಾಪಸ್ ಬರುವುದಿಲ್ಲ. ಬಿಡಿ, ಯಾರದೋ ಮನೆಯಲ್ಲಿ ಮಕ್ಕಳು ಓದುತ್ತಿರುತ್ತಾರೆ.

ಮೈಸೂರಿನಲ್ಲಿ ಗೀತಾ ಬುಕ್ ಹೌಸ್, ನವಕರ್ನಾಟಕ, ಸಪ್ನ ಇವೆ. ಆನ್‌ಲೈನ್ ಬಿಟ್ಟು ಅಂಗಡಿಗೇ ಹೋಗಿ, ಅಕ್ಷರದ ಗಾತ್ರ ಕಣ್ಣಾರೆ ನೋಡಬಹುದು. ಬೈಂಡಿಂಗ್ ಕೂಡ ನೋಡಿ. ಮಧ್ಯಕ್ಕೆ ತೆರೆದಾಗ ಅಂಟು ಲಟಲಟ ಅಂದರೆ ಆ ಪ್ರತಿ ಬೇಡ, ನಾಲ್ಕು ಕೈ ದಾಟುವಷ್ಟರಲ್ಲಿ ಹಾಳೆ ಉದುರುತ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ಅಕೌಂಟ್ಸ್‌ನವರಿಗೆ ಮೊದಲೇ ಹೇಳಿಡಿ. ಬಜೆಟ್ ಇಲ್ಲ ಅನ್ನುವವರು ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಮಾಡಿಸಿಕೊಡಲಿ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ, ಅಲ್ವಾ?

ಫುಟ್‌ಪಾತಿನ ನಕಲಿ ಪ್ರತಿಗಳನ್ನು ತರಬೇಡಿ. ಅಕ್ಷರ ಮಸಿ ಮಸಿ, ಎಷ್ಟೋ ಸಲ ಪುಟಗಳೇ ಇರುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿಗೆ ಕದ್ದ ಪಿಡಿಎಫ್ ಹಾಕುವುದಂತೂ ಕೂಡದು. ಬರೆದವರಿಗೆ ಒಂದು ಪೈಸೆ ಹೋಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ತಪ್ಪು ಕೂಡ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಹಳೆಯ ಪುಸ್ತಕಗಳಾದರೆ ಧಾರಾಳವಾಗಿ ಹಂಚಿ.

'ನಮ್ಮ ಕಾರ್ಮಿಕರು ಎಲ್ಲಿ ಓದ್ತಾರೆ ಸಾರ್' ಅನ್ನುವ ಮ್ಯಾನೇಜರ್‌ಗಳು ಒಂದು ಭಾನುವಾರ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಹೋಗಿ ಬನ್ನಿ. ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ದುಡ್ಡಿನಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ್ದಾರೆ. ಅವರ 'ಪುಸ್ತಕ ಮನೆ'ಯಲ್ಲಿ ಅರ್ಧ ದಿನ ಕಳೆದರೆ ಆ ಮಾತು ಬಾಯಿಗೆ ಬರುವುದಿಲ್ಲ.

ಅವರು ಕೊಟ್ಟದ್ದನ್ನು ನೀವು ಓದಿ

ಇದನ್ನು ಯಾವ ಮ್ಯಾನೇಜರೂ ಮಾಡುವುದಿಲ್ಲ. ನೀವು ಮಾಡಿ. 'ನೀವು ಓದಿದ್ದರಲ್ಲಿ ನನಗೆ ಯಾವುದು ಕೊಡ್ತೀರಿ?' ಅಂತ ಕೇಳಿ. ಕೊಟ್ಟದ್ದನ್ನು 15 ದಿನದೊಳಗೆ ಓದಿ. ಅವರಿಗೆ ಗಡುವು ಇಲ್ಲ, ನಿಮಗೆ ಇದೆ. ವಾಪಸ್ ಕೊಡುವಾಗ 'ಚೆನ್ನಾಗಿತ್ತು' ಅಂತ ಹೇಳಿ ಮುಗಿಸಬೇಡಿ, ಯಾವ ಪುಟ, ಯಾವ ಮಾತು ಅಂತ ಹೇಳಿ.

ಪಾಂಡವಪುರದ ಹುಡುಗ 'ಕರ್ವಾಲೊ' ವಾಪಸ್ ತಂದಾಗ ಅದಕ್ಕೆ ಬೈಂಡ್ ಇರಲಿಲ್ಲ. ಮೂಲೆ ಮಡಿಸಿತ್ತು, ಒಳಗೆ ಒಂದು ರೈಲು ಟಿಕೆಟ್ ಇತ್ತು. ಜೊತೆಗೆ ಇನ್ನೊಂದು ಪುಸ್ತಕ ತಂದಿದ್ದ. ಮದ್ದೂರು ಸೀಮೆಯ ಡಾಕ್ಟರ್, ಬೆಸಗರಹಳ್ಳಿ ರಾಮಣ್ಣನವರ ಕಥೆಗಳು. 'ನಮ್ ಕಡೆ ಮಾತು ಸಾರ್. ನಿಮ್ಗೆ ಹಿಡಿಸದಿದ್ರೆ ಬುಟ್ಬುಡಿ' ಅಂದ. ಆ ರಾತ್ರಿಯೇ ಎರಡು ಕಥೆ ಓದಿದೆ. ಒಂದು ಪದ ಗೊತ್ತಾಗಲಿಲ್ಲ. ಮರುದಿನ ಟೀ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ಕ್ವಾಲಿಟಿ ವಿಭಾಗಕ್ಕೆ ಹೋಗಿ, ಅವನ ಟೇಬಲ್ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ.